ಹನ್ನೊಂದನೇ ನಂಬರಿನ ಬಿಲ್ಲೆ

ಆ ಬಾಗಿಲು ಸ್ವಲ್ಪ ಮುಂದೆ ಮಾಡಿ ಕೂತುಕೊಳ್ಳಿ. ಇದು ಯಾರೋ ಹೇಳಿದರು, ಎಲ್ಲೋ ಆಯಿತು ಅನ್ನುವ ಪೈಕಿ ಅಲ್ಲ. ನನ್ನ ಷಡ್ಡಕ ತಿಪ್ಪೇಶಪ್ಪನಿಗೆ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡನಿಗೆ, ಹೋದ ವರ್ಷ ಭಾರತ ಹುಣ್ಣಿಮೆಯ ರಾತ್ರಿ ಆದದ್ದು. ನಲ್ಲೂರಿಗೆ ಬಂದು, ನಮ್ಮ ಪಡಸಾಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತು, ಅವನೇ ನನಗೆ ಹೇಳಿದ. ಮುಖ ಕೊಟ್ಟು ಹೇಳುವುದಕ್ಕೆ ಅವನಿಗೆ ಆಗಲಿಲ್ಲ.

ಬಿಳಿಚೋಡಿನ ಆಚೆ ಒಂದು ಕಾಲದಲ್ಲಿ ಅದಿರು ಸಾಗಿಸುವ ಸಣ್ಣ ರೈಲು ಓಡುತ್ತಿತ್ತು. ಗಣಿ ನಿಂತಿತು, ರೈಲೂ ನಿಂತಿತು, ಹಳಿ ಕಿತ್ತುಕೊಂಡು ಹೋದರು. ದಿಬ್ಬ ಮಾತ್ರ ಉಳಿದು ಜಾಲಿ ಬೆಳೆದಿತ್ತು. ಈಗ ಎರಡು ವರ್ಷದ ಹಿಂದೆ ಯಾರಿಗೋ ಒಳ್ಳೆ ಬುದ್ಧಿ ಬಂದು, ಜಾಲಿ ಕಡಿದು, ಕೆಂಪು ಮೊರಂ ಹಾಸಿ, ಅಲ್ಲಲ್ಲಿ ಕಲ್ಲುಬೆಂಚು ಇಟ್ಟು, ಆರು ಮೈಲಿ ಉದ್ದಕ್ಕೂ ಜನ ತಿರುಗಾಡುವ ಹಾದಿ ಮಾಡಿದರು. ಸೋಲಾರ್ ದೀಪವೂ ಇದೆ. ಮೂರಕ್ಕೆ ಒಂದು ಉರಿಯುತ್ತದೆ. ಹುಣಸೆಕಟ್ಟೆ ಗೇಟಿನ ಹಳೇ ಗುಡಿಸಲಿಗೆ ಹೊಸ ಹೆಂಚು ಹೊದಿಸಿ, ಲಾಟೀನು, ಕೆಂಪು ಬಾವುಟ, ಹಸಿರು ಬಾವುಟ ಎಲ್ಲ ಜೋಡಿಸಿಟ್ಟರು. ಆ ಗೇಟಿನಲ್ಲಿ ಗೇಟ್‌ಮನ್ ಆಗಿದ್ದವನೇ ನಮ್ಮ ತಿಪ್ಪೇಶಪ್ಪ. ಆಗಿನವರಲ್ಲಿ ಬದುಕಿ ಉಳಿದವನು ಅವನೊಬ್ಬನೇ.

ಇನ್ನೇನು ಬೇಕು? ಹಾಳೂರಿಗೆ ಉಳಿದವನೇ ಗೌಡ! ಹುಣ್ಣಿಮೆ ಹುಣ್ಣಿಮೆಗೆ ಜಗಳೂರಿನಿಂದ, ದಾವಣಗೆರೆಯಿಂದ ಜನ ನಡೆಯಲು ಬರುತ್ತಿದ್ದರು. ಇವನು ಮುಂದೆ ನಿಂತು ಹಳೇ ಕತೆ ಹೇಳುತ್ತ ಕರೆದುಕೊಂಡು ಹೋಗುತ್ತಿದ್ದ. ಶಾಲು ಹೊದಿಸಿದರು. ಮೊಬೈಲಿನಲ್ಲಿ ವಿಡಿಯೋ ಹಿಡಿದರು. 'ಹಳಿ ತಿಪ್ಪೇಶಣ್ಣ' ಅಂತಲೇ ಹೆಸರಾಯಿತು. ಕೊನೆಗೆ ಗುಡಿಸಲ ಮುಂದೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುವಾಗ ಎಲ್ಲರೂ ಕೇಳುತ್ತಿದ್ದ ಕತೆ ಒಂದೇ... ಕುಡುಕ ದುರುಗಪ್ಪನ ದೆವ್ವದ ಕತೆ.

ಅದನ್ನು ಅವನು ಹೇಳುವುದನ್ನು ನಾನೂ ಒಂದು ಸಲ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಅದಕ್ಕೆ ಈಗ ನನಗೂ ನಾಚಿಕೆಯಿದೆ. ಮಳೆಗಾಲದ ರಾತ್ರಿ ಹಳಿ ಕಾಯುತ್ತ ನಡೆಯುತ್ತಿದ್ದ ದುರುಗಪ್ಪ ಅನ್ನುವವನು ಕುಡಿದು, ಹಳಿಯ ಕೆಳಗೆ ನೀರು ಹಾಯುವ ಮೋರಿಯ ಮೇಲೆ ಮಲಗಿ ಗಾಡಿಗೆ ಸಿಕ್ಕಿ ಸತ್ತ ಅಂತ ಕತೆ. ತಿಪ್ಪೇಶಪ್ಪ ಕಾಲು ಸೊಟ್ಟ ಹಾಕಿಕೊಂಡು ತೂರಾಡಿ ತೋರಿಸುತ್ತಿದ್ದ. ಗುಡಿಸಲ ಮುಂದೆ ತೂಗುಹಾಕಿದ ಹಳಿಯ ತುಂಡಿಗೆ ಬೋಲ್ಟಿನಿಂದ ಒಂದೇಟು ಹೊಡೆಯುತ್ತಿದ್ದ. ಠಣ್! ಹೆಂಗಸರು ಚೀರುತ್ತಿದ್ದರು. ಆಮೇಲೆ ಎಲ್ಲರೂ ನಗುತ್ತಿದ್ದರು.

ಆ ಭಾರತ ಹುಣ್ಣಿಮೆಯ ದಿನವೂ ನಕ್ಕರು. ಒಬ್ಬಳು ನಗಲಿಲ್ಲ. ನ್ಯಾಮತಿಯಿಂದ ಬಂದಿದ್ದ ವಾಣಿಶ್ರೀ ಅನ್ನುವ ಮೇಷ್ಟ್ರಮ್ಮ. ಮಂಡಕ್ಕಿ ಪೊಟ್ಟಣ ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

"ಸರ್, ಆ ದುರುಗಪ್ಪೋರ ಮನೆಯೋರು ಯಾರಾದ್ರೂ ಇದಾರಾ?"

"ಇದ್ರೂ ಇರಬೋದು ಮೇಡಂ" ಅಂದ ತಿಪ್ಪೇಶಪ್ಪ.

ಅಂದವನಿಗೆ ಬಾಯಿ ಕಹಿಯಾಯಿತು. ಯಾಕೆಂದರೆ ಆ ಮಾತನ್ನು ಅವನು ಹಿಂದೆ ಎರಡು ಸಲ ಆಡಿದ್ದ. ಅದು ಅವನಿಗೆ ನೆನಪಿತ್ತು.

ಜನ ವ್ಯಾನು ಹತ್ತಿ ಹೋದರು. ತಿಪ್ಪೇಶಪ್ಪ ಗುಡಿಸಲಿಗೆ ಬೀಗ ಹಾಕಿ, ಕೀಲಿಕೈ ಜೇಬಿಗೆ ಬಿಟ್ಟು ಮನೆ ಕಡೆ ಹೊರಟ. ಒಂಬತ್ತೂವರೆ ಇರಬೇಕು. ಗೇಟಿನಿಂದ ಇನ್ನೂರು ಹೆಜ್ಜೆಗೆ ಮೋರಿ. ಮೋರಿ ದಾಟಿ ಸ್ವಲ್ಪ ದೂರಕ್ಕೆ ಹಾಳುಬಾವಿ. ಬಾವಿ ಹತ್ತಿರ ಹಾದಿ ಬಿಟ್ಟು ಇಳಿದರೆ ಅವನ ಊರು. ಬೆಳದಿಂಗಳು ಹಾಲು ಚೆಲ್ಲಿದಂಗೆ ಇತ್ತು. ಗಾಳಿ ಇಲ್ಲ. ಆ ಕಡೆ ಮಳೆ ಬಿದ್ದು ನಾಲ್ಕು ತಿಂಗಳಾಗಿತ್ತು. ಕಾಲಿಟ್ಟರೆ ಮೊರಂ ಕರಕರ ಅನ್ನುತ್ತಿತ್ತು.

ಬಾವಿ ಹತ್ತಿರ ಬಂದಾಗ ಕೇಳಿಸಿತು.

ಠಣ್... ಟಕ್. ಠಣ್... ಟಕ್.

ದೂರದಲ್ಲಿ. ಬಿಳಿಚೋಡಿನ ಕಡೆಯಿಂದ.

ತಿಪ್ಪೇಶಪ್ಪ ನಿಂತ. ಆ ಸದ್ದು ಏನು ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಳಿ ಕಾಯುವವನು ಉದ್ದ ಕಾವಿನ ಸುತ್ತಿಗೆ ಹಿಡಿದು ನಡೆಯುತ್ತಾನೆ. ಕಬ್ಬಿಣದ ಹಳಿಗೆ ಒಂದು, ಅದರ ಕೆಳಗಿನ ಕಟ್ಟಿಗೆಯ ದಿಮ್ಮಿಗೆ ಒಂದು. ಹಳಿಗೆ ಬಿದ್ದರೆ ಠಣ್, ದಿಮ್ಮಿಗೆ ಬಿದ್ದರೆ ಟಕ್. ಆದರೆ ಅಲ್ಲಿ ಈಗ ಹಳಿ ಎಲ್ಲಿದೆ? ದಿಮ್ಮಿ ಎಲ್ಲಿದೆ? ಬರೀ ಮಣ್ಣು!

ಠಣ್... ಟಕ್.

ಹತ್ತಿರ ಬಂತು. ಅದರ ಜೊತೆಗೆ ಇನ್ನೊಂದು ಸದ್ದು. ಪಟ ಪಟ ಪಟ ಪಟ... ತಲೆಗೆ ಹೊದ್ದ ಕಂಬಳಿ ಕೊಪ್ಪೆಯ ಮೇಲೆ ಮಳೆಹನಿ ಬೀಳುವ ಸದ್ದು. ತಿಪ್ಪೇಶಪ್ಪ ತಲೆ ಎತ್ತಿ ನೋಡಿದ. ಮೇಲೆ ಚಂದ್ರ, ಒಂದು ಮೋಡವಿಲ್ಲ.

ಇಲ್ಲಿ ಸ್ವಲ್ಪ ತಡೆಯಿರಿ. ಮೂವತ್ತೊಂದು ವರ್ಷದ ಹಿಂದೆ ಏನಾಯಿತು ಅಂತ ಹೇಳದಿದ್ದರೆ ನಿಮಗೆ ಇದು ಬರೀ ದೆವ್ವ ಆಗುತ್ತದೆ.

ಮಳೆಗಾಲದಲ್ಲಿ ದಿಬ್ಬ ಕೊಚ್ಚಿಹೋಗುವ ಭಯ ಇರುತ್ತಿತ್ತು. ಅದಕ್ಕೇ ದುರುಗಪ್ಪ ಪ್ರತಿ ರಾತ್ರಿ ಬಿಳಿಚೋಡಿನ ತುದಿಯಿಂದ ಹುಣಸೆಕಟ್ಟೆ ಗೇಟಿನವರೆಗೆ ಹಳಿ ನೋಡಿಕೊಂಡು ಬರಬೇಕು. ಬಂದದ್ದಕ್ಕೆ ಸಾಕ್ಷಿ ಏನು? ಗೇಟ್‌ಮನ್ ಹತ್ತಿರ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು, ನಂಬರ್ ಹನ್ನೊಂದು. ಅದನ್ನು ಇಸಕೊಂಡು ಹೋಗಿ ತನ್ನ ತುದಿಯಲ್ಲಿ ತೋರಿಸಬೇಕು. ಬಿಲ್ಲೆ ಇಲ್ಲದೆ ಹೋದರೆ ಬಂದೇ ಇಲ್ಲ ಅಂತ ಲೆಕ್ಕ. ಬೆಳಗಿನ ಟ್ರಾಲಿಯಲ್ಲಿ ಬಿಲ್ಲೆ ಮತ್ತೆ ಗೇಟಿಗೆ ವಾಪಸು.

ನಮ್ಮ ತಿಪ್ಪೇಶಪ್ಪನಿಗೆ ನಿದ್ದೆಗೆಟ್ಟು ಏಳುವುದು ಯಾರಿಗೆ ಬೇಕು? ಗುಡಿಸಲ ಹೊರಗೆ ಗೋಡೆಗೆ ಒಂದು ಮೊಳೆ ಹೊಡೆದ. ಬಿಲ್ಲೆ ಅದಕ್ಕೆ ತೂಗುಹಾಕಿ ಮಲಗುತ್ತಿದ್ದ. ದುರುಗಪ್ಪ ಬರುತ್ತಿದ್ದ, ಬಿಲ್ಲೆ ತೆಗೆದುಕೊಳ್ಳುತ್ತಿದ್ದ, "ಬರ್ತೀನಣ್ಣ" ಅಂತ ಮುಚ್ಚಿದ ಬಾಗಿಲಿಗೇ ಹೇಳಿ ಹೋಗುತ್ತಿದ್ದ. ಅಂಥ ಮನುಷ್ಯ ಅವನು.

ಆ ವರ್ಷ ಊರಲ್ಲಿ ಗಣಪತಿ ಮುಂದೆ ವಿಡಿಯೋ ತರಿಸಿದ್ದರು. ಒಂದು ರಾತ್ರಿಗೆ ಮೂರು ಸಿನಿಮಾ. ತಿಪ್ಪೇಶಪ್ಪ ಸಂಜೆಗೇ ಗೇಟು ಹಾಕಿ, ಲಾಟೀನು ಹಚ್ಚಿಟ್ಟು, ಗುಡಿಸಲಿಗೆ ಬೀಗ ಜಡಿದು ಹೋದ. ಬಿಲ್ಲೆ ಮೊಳೆಗೆ ಹಾಕಬೇಕು ಅಂತ ಕೈಯಲ್ಲಿ ತೆಗೆದುಕೊಂಡಿದ್ದ. ಯಾರೋ "ಬಾರೋ, ಶುರುವಾತು" ಅಂದರು. ಬಿಲ್ಲೆ ಜೇಬಿಗೆ ಬಿತ್ತು. ಅಷ್ಟೇ.

ಮಳೆ ಹುಚ್ಚಾಪಟ್ಟೆ ಹೊಡೆಯಿತು. ಎರಡು ಸಿನಿಮಾ ಮುಗಿಸಿ ಮೂರು ಗಂಟೆಗೆ ವಾಪಸು ಬರುವಾಗ, ಮೋರಿ ಮೇಲೆ ಒಡೆದ ಲಾಟೀನು ಕಾಲಿಗೆ ಸಿಕ್ಕಿತು. ಪಕ್ಕದಲ್ಲಿ ಕಂಬಳಿ. ಕಂಬಳಿಯ ಒಳಗೆ... ಬೇಡ, ಅದನ್ನು ಹೇಳುವುದಿಲ್ಲ.

ಏನಾಗಿದೆ ಅಂತ ತಿಪ್ಪೇಶಪ್ಪನಿಗೆ ಅಲ್ಲೇ ಗೊತ್ತಾಯಿತು. ದುರುಗಪ್ಪ ಬಂದಿದ್ದಾನೆ. ಮೊಳೆ ಖಾಲಿ. ಬಾಗಿಲಿಗೆ ಬೀಗ. ಬಿಲ್ಲೆ ಇಲ್ಲದೆ ವಾಪಸು ಹೋಗುವಂತಿಲ್ಲ. ಸುತ್ತ ಎಲ್ಲಾ ನೀರು, ಎತ್ತರದ ಜಾಗ ಅಂದರೆ ಮೋರಿ ಒಂದೇ. ಕಾಯುತ್ತ ಕೂತಿದ್ದಾನೆ, ಜೊಂಪು ಹತ್ತಿದೆ, ಒಂದೂವರೆ ಗಂಟೆಯ ಗಾಡಿ ಬಂದಿದೆ.

ಇವನು ಏನು ಮಾಡಿದ ಗೊತ್ತೇ? ಕೂಗಲಿಲ್ಲ. ಮೊದಲು ಗೇಟಿಗೆ ಓಡಿದ. ಜೇಬಿನಿಂದ ಬಿಲ್ಲೆ ತೆಗೆದು ಮೊಳೆಗೆ ಹಾಕಿದ. ಆಮೇಲೆ ಊರಿಗೆ ಓಡಿ ಬಾಯಿ ಬಡಿದುಕೊಂಡ.

ಬೆಳಗ್ಗೆ ಸಾಹೇಬರು ಬಂದು ನೋಡಿದರು. ಬಿಲ್ಲೆ ಮೊಳೆಯಲ್ಲೇ ಇದೆ. ಹಾಗಾದರೆ ಇವನು ಗೇಟಿನವರೆಗೆ ಬಂದೇ ಇಲ್ಲ, ಹಳಿ ಮೇಲೆ ಮಲಗಿದ್ದಾನೆ ಅಂತ ಬರೆದುಕೊಂಡರು. "ಕುಡಿದಿದ್ದನೇನೋ?" ಅಂತ ಕೇಳಿದರು.

"ಇದ್ರೂ ಇರಬೋದು ಸಾರ್."

ದುರುಗಪ್ಪನ ಹೆಂಡತಿಗೆ ಪರಿಹಾರ ಇಲ್ಲ, ಕೆಲಸ ಇಲ್ಲ. ಗಾದ್ರಮ್ಮ ಅಂತ ಅವಳ ಹೆಸರು. ತಿಥಿ ಮುಗಿಸಿ, ಕಂಕುಳಲ್ಲಿ ಮಗು ಎತ್ತಿಕೊಂಡು ಗೇಟಿಗೆ ಬಂದು ಇವನನ್ನು ಕೇಳಿದಳು. "ಅಣ್ಣಾ, ನೀನು ಜೊತೇಲಿದ್ದೋನು. ನಮ್ಮೋರು ಕುಡೀತಿದ್ರಾ?"

ಅವಳಿಗೂ ಅದೇ ಮಾತು. "ಇದ್ರೂ ಇರಬೋದು ತಂಗಿ."

ರೈಲು ನಿಂತಾಗ ಸಾಮಾನೆಲ್ಲ ಒಪ್ಪಿಸಿದ, ಬಿಲ್ಲೆ ಕಳೆದುಹೋಯಿತು ಅಂದ. ಟ್ರಂಕಿನ ತಳದಲ್ಲಿ ಹೆಂಡತಿಯ ಹಳೇ ಸೀರೆಯ ಕೆಳಗೆ ಇಟ್ಟಿದ್ದ. ಬಾವಿಗೆ ಎಸೆಯಬೇಕು ಅಂತ ಎರಡು ಸಲ ಹೋಗಿ ಎರಡು ಸಲವೂ ವಾಪಸು ತಂದ. ಗಾದ್ರಮ್ಮನ ಹಟ್ಟಿ ಬಿಳಿಚೋಡಿನ ತುದಿಯಲ್ಲಿ, ಆರು ಮೈಲಿ. ಮೂವತ್ತೊಂದು ವರ್ಷ ಆ ಕಡೆ ತಲೆ ಹಾಕಿ ಮಲಗಿದವನಲ್ಲ.

ಆಯಿತು. ಈಗ ಬಾವಿ ಹತ್ತಿರಕ್ಕೆ ಬನ್ನಿ.

ಠಣ್... ಟಕ್. ನಿಂತಿತು. ಹತ್ತು ಮಾರು ದೂರದಲ್ಲಿ ಕಂಬಳಿ ಕೊಪ್ಪೆ ಹಾಕಿದ ಒಂದು ಆಕಾರ. ಕೊಪ್ಪೆಯ ಒಳಗೆ ಕತ್ತಲು. ಕಂಬಳಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತೊಟ್... ತೊಟ್... ಕೆಳಗೆ ಒಣ ಮೊರಂ.

"ತಿಪ್ಪೇಶಣ್ಣಾ..."

ಪಿಸುಮಾತು. ಸಿಟ್ಟಿಲ್ಲ. ಅದೇ ಹಳೇ ಮರ್ಯಾದೆಯ ದನಿ.

"ಬಿಲ್ಲೆ ಮೊಳೆಯಾಗಿಲ್ಲ. ನಿನ್ನತ್ರ ಐತೇನಣ್ಣ?"

ತಿಪ್ಪೇಶಪ್ಪ ಏನಂದ ಅಂತೀರಿ? ಹುಟ್ಟುಗುಣ ಸುಟ್ಟರೂ ಹೋಗದು. ಸತ್ತವನ ಮುಂದೆಯೂ ಸುಳ್ಳು!

"ಇಲ್ಲ ದುರುಗ... ನನ್ನತ್ರ ಇಲ್ಲ."

ಕೊಪ್ಪೆ ಮೆಲ್ಲಗೆ ಮೋರಿ ಕಡೆ ತಿರುಗಿತು.

"ಹೌದಾ? ಆತು ಬಿಡಣ್ಣ. ಕಾಯ್ತೀನಿ."

ಅದು ಅವನ ಪಕ್ಕದಲ್ಲೇ ಹಾದು ಹೋಯಿತು. ಒದ್ದೆ ಉಣ್ಣೆಯ ವಾಸನೆ, ಸೀಮೆಎಣ್ಣೆ ವಾಸನೆ. ಹೆಂಡದ ವಾಸನೆ ಒಂದು ಚೂರೂ ಇರಲಿಲ್ಲ. ಹೋಗಿ ಮೋರಿ ಮೇಲೆ ಕೂತಿತು.

'ನಂಬಿದ ಕಣೋ' ಅಂದ ತಿಪ್ಪೇಶಪ್ಪ, ನಮ್ಮ ಪಡಸಾಲೆಯ ಗೋಡೆಗೆ. 'ಬೈದಿದ್ರೆ, ಕುತ್ತಿಗೆ ಹಿಸುಕಿದ್ರೆ ತಡಕಂತಿದ್ದೆ. ಸತ್ತ ಮೇಲೂ ನನ್ನ ಮಾತು ನಂಬಿ ಹೋಗಿ ಕುಂತ. ನಾನು ಹೆಂಗೆ ಬದುಕಲಿ?'

ಮನೆಗೆ ಓಡಿದ. ಹೆಂಡತಿ ಶಿವಗಂಗಮ್ಮ ಎದ್ದು ಕೂತಳು. "ಏನ್ರೀ, ಯಾಕ್ರೀ ಹಿಂಗೆ ಬೆವತೀರಿ? ಟ್ರಂಕಿನಾಗೆ ಏನು ಹುಡುಕ್ತೀರಿ?"

"ಸುಮ್ನಿರೇ. ಒಂದು ವಸ್ತು ಕೊಡಾದೈತೆ."

"ಈ ಹೊತ್ತಿನಾಗೆ ಯಾರಿಗೆ?"

ಅವನು ಬಿಲ್ಲೆ ಮುಷ್ಟಿಯಲ್ಲಿ ಹಿಡಿದು ಬಂದ ದಾರಿಯಲ್ಲೇ ಹೊರಟ. ಬಾವಿ ದಾಟಿದ. ಮೋರಿ ಬಂತು. ಅಲ್ಲಿ ಕೂತದ್ದು ಕೂತೇ ಇತ್ತು, ಮಂಡಿಯ ಮೇಲೆ ತಲೆ ಇಟ್ಟುಕೊಂಡು, ನಿದ್ದೆ ತಡೆಯುವವರು ಕೂತಂಗೆ. ಕೈಗೇ ಕೊಡಬಹುದಿತ್ತು. ಎರಡು ಹೆಜ್ಜೆ ದೂರ. ಕೊಡಲು ಮುಖ ಇರಲಿಲ್ಲ. ತಲೆ ತಗ್ಗಿಸಿ ದಾಟಿ, ಗೇಟಿಗೆ ಹೋಗಿ, ಆ ಹಳೇ ಮೊಳೆಗೇ ಬಿಲ್ಲೆ ಹಾಕಿದ. ಬೀಗ ತೆಗೆದು ಗುಡಿಸಲ ಒಳಗೆ ಸೇರಿ ಚಿಲಕ ಹಾಕಿಕೊಂಡ.

ಹೆಜ್ಜೆ ಬಂತು. ಸರಕ್... ಸರಕ್... ಬಾಗಿಲ ಹತ್ತಿರ ನಿಂತಿತು.

ಟಿಣ್.

ಹಿತ್ತಾಳೆ ಮೊಳೆ ಬಿಡುವ ಸದ್ದು ಅಷ್ಟು ಸಣ್ಣದು. ಆದರೂ ಕೇಳಿಸಿತು.

"ಬರ್ತೀನಣ್ಣ."

ತಪ್ಪಾತು ದುರುಗ ಅನ್ನಬೇಕು ಅಂತ ತಿಪ್ಪೇಶಪ್ಪ ಬಾಯಿ ತೆರೆದ. ಒಂದು ಬಾಗಿಲ ಅಂತರ. ನಾಲಿಗೆ ಏಳಲಿಲ್ಲ. ಠಣ್... ಟಕ್, ಠಣ್... ಟಕ್, ಸದ್ದು ಬಿಳಿಚೋಡಿನ ಕಡೆ ಸಣ್ಣಗಾಗುತ್ತ ಹೋಯಿತು. ಇವನು ಲಾಟೀನು ಇಟ್ಟ ಮೇಜಿನ ಕೆಳಗೆ ಕೂತು ಬೆಳಗಾಗುವವರೆಗೂ ಅತ್ತ.

ಬೆಳಗ್ಗೆ ಮೊಳೆ ಖಾಲಿ ಇತ್ತು.

ಮನೆಗೆ ಹೋಗಲಿಲ್ಲ. ಮುಖ ತೊಳೆಯಲಿಲ್ಲ. ಹಾದಿ ಹಿಡಿದು ಬಿಳಿಚೋಡಿನ ಕಡೆಗೆ ನಡೆದ. ಶೂ ಹಾಕಿಕೊಂಡು ವಾಕಿಂಗ್ ಬಂದವರು "ಏನ್ ತಿಪ್ಪೇಶಣ್ಣ, ದೆವ್ವ ಸಿಕ್ತಾ?" ಅಂತ ತಮಾಷೆ ಮಾಡಿದರು. ಇವನು ತಲೆ ಎತ್ತಲಿಲ್ಲ. ಅರವತ್ತು ದಾಟಿದ ಕಾಲು, ಆರು ಮೈಲಿ. ಇಷ್ಟು ದೂರವನ್ನು ದುರುಗಪ್ಪ ದಿನಾ ರಾತ್ರಿ ಹೋಗಿ ಬಂದು ಮಾಡುತ್ತಿದ್ದ ಅಂತ ಅವತ್ತು ಅವನಿಗೆ ಮೊದಲ ಸಲ ಹೊಳೆಯಿತಂತೆ.

ಗಾದ್ರಮ್ಮ ಹಟ್ಟಿಯ ಮನೆ ಮುಂದೆ ಕೂತು ಮೊರದಲ್ಲಿ ಕಾಳು ಕೇರುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಆದರೂ ಇವನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ತಿಪ್ಪೇಶಪ್ಪ ನಿಂತೇ ಎಲ್ಲಾ ಹೇಳಿದ. ವಿಡಿಯೋ, ಜೇಬು, ಮೊಳೆ, ಸಾಹೇಬರು... ಏನೂ ಬಿಡಲಿಲ್ಲ. "ಅವನು ಕುಡೀತಿರಲಿಲ್ಲ ತಂಗಿ. ಒಂದಿನಾನೂ ಕುಡಿದಿದ್ದಿಲ್ಲ. ನಾನು ಸುಳ್ಳು ಹೇಳಿದ್ದೆ" ಅಂದ.

ಮೊರ ನಿಂತಿತು.

ಬಯ್ಯುತ್ತಾಳೆ, ಮಣ್ಣು ತೂರುತ್ತಾಳೆ ಅಂತ ಇವನು ಕಾಯುತ್ತಿದ್ದ. ಅವಳು ಮೆಲ್ಲಗೆ ಮಾತಾಡಿದಳು.

"ಮದುವೆಯಾಗಿ ಒಂಬತ್ತು ವರ್ಷ, ಒಂದಿನ ವಾಸ್ನೆ ಬಂದಿರಲಿಲ್ಲ ಅಣ್ಣ. ನೀನು ಹಂಗಂದ ಮೇಲೆ, ನಂಗೆ ಮುಚ್ಚಿಟ್ಟು ಕುಡೀತಿದ್ರೇನೋ ಅಂದ್ಕಂಡೆ. ಹಿರೇರ ಹಬ್ಬದಾಗೆ ಹೋದೋರಿಗೆ ಇಷ್ಟ ಆದದ್ದು ಎಡೆಗೆ ಇಡಬೇಕಲ್ಲ? ಇಡದಿದ್ರೆ ಹಸ್ಕಂಡು ಹೋಗ್ತಾರಲ್ಲ? ಅದಕ್ಕೆ ವರ್ಷಾ ವರ್ಷಾ ಬ್ರಾಂದಿ ಅಂಗಡಿ ಮುಂದೆ ಸೆರಗು ಮುಚ್ಕಂಡು ನಿಂತು ಒಂದು ಬಾಟ್ಲಿ ತರ್ತಿದ್ದೆ. ಹೋಳಿಗೆ, ಕಡುಬು, ಪಕ್ಕದಾಗೆ ಅದು. ಮಗ ಕೇಳ್ದ, ಯಾಕವ್ವ ಅಂತ. ನಿಮ್ಮಪ್ಪಗೆ ಇಷ್ಟ ಆಗ್ತಿತ್ತು ಕಣಪ್ಪ ಅಂದೆ." ಅವಳು ಮೊರ ಕೆಳಗಿಟ್ಟಳು. "ಮೂವತ್ತೊಂದು ವರ್ಷ ಅವರ ಮುಂದೆ ಅದನ್ನ ಇಟ್ಟೀನಲ್ಲಣ್ಣ... ನನ್ನ ಹೆಂಡ್ತೀನೂ ಹಿಂಗೆ ತಿಳ್ಕಂಡ್ಳಲ್ಲ ಅಂತ ಎಷ್ಟು ನೊಂದ್ಕಂಡಿದ್ರೋ..."

ತಿಪ್ಪೇಶಪ್ಪ ಅವಳ ಕಾಲು ಹಿಡಿಯಲು ಹೋದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಕಾಲು ಬ್ಯಾಡ. ನಮ್ಮೋರು ಕುಡುಕ ಅಂತ ಎಷ್ಟು ಜನದ ಮುಂದೆ ಹೇಳಿದ್ದೆಯೋ, ಅಷ್ಟೂ ಜನದ ಮುಂದೆ ಅಲ್ಲ ಅಂತ ಹೇಳು. ಈಗ ಕುಂದ್ರು, ನಡೆದು ಬಂದೀಯ. ನೀರು ತರ್ತೀನಿ."

ಆ ನೀರಿನ ಚೊಂಬು ಹಿಡಿದಾಗ ಆದಷ್ಟು ನಾಚಿಕೆ ತನಗೆ ಜನ್ಮದಲ್ಲಿ ಆಗಿರಲಿಲ್ಲ ಅಂದ ಅವನು. ಚೊಂಬು ವಾಪಸು ಕೊಡಲು ಹೊಸ್ತಿಲ ಹತ್ತಿರ ಹೋದಾಗ ಒಳಗೆ ಕಣ್ಣು ಬಿತ್ತು. ಬಾಗಿಲ ಹಿಂದೆ ಗೋಡೆಗೆ ಒಂದು ಮೊಳೆ. ಮೊಳೆಯಲ್ಲಿ ಹಿತ್ತಾಳೆ ಬಿಲ್ಲೆ.

"ಅದಾ? ಆ ಮೊಳೆಗೆ ನಮ್ಮೋರು ಡ್ಯೂಟಿ ಮುಗಿಸಿ ಬಂದು ಕಂಬಳಿ ಹಾಕ್ತಿದ್ರು" ಅಂದಳು ಗಾದ್ರಮ್ಮ. "ಬೆಳಗ್ಗೆ ಎದ್ದಾಗ ಅದು ಅಲ್ಲಿತ್ತು. ಬಾಗ್ಲು ನಾನೇ ಚಿಲಕ ಹಾಕಿ ಮಲಗಿದ್ದೆ. ಹಾಕಿದಂಗೇ ಇತ್ತು."

ಈಗ ಹುಣ್ಣಿಮೆ ನಡಿಗೆಯಲ್ಲಿ ತಿಪ್ಪೇಶಪ್ಪ ದೆವ್ವದ ಕತೆ ಹೇಳುವುದಿಲ್ಲ. ಮೋರಿ ಹತ್ತಿರ ಎಲ್ಲರನ್ನೂ ನಿಲ್ಲಿಸಿ, ತಾನು ಮಾಡಿದ್ದನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಾನೆ. ಶಾಲು ಹೊದಿಸುವವರು ಕಮ್ಮಿಯಾಗಿದ್ದಾರೆ. ಕೆಲವರು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಅವನು ಮುಂದಿನ ಹುಣ್ಣಿಮೆಗೂ ಹೇಳುತ್ತಾನೆ.

ನೀವು ನಗುವುದಾದರೆ ನಗಿ. ನಾನು ಷಡ್ಡಕನ ಮಾತು ಪೂರಾ ನಂಬುವವನಲ್ಲ, ಅದು ನಿಮಗೂ ಗೊತ್ತು. ಅದಕ್ಕೇ ಈ ಯುಗಾದಿ ಕಳೆದ ಮೇಲೆ, ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ, ನಾನೇ ಆ ಹಟ್ಟಿಗೆ ಹೋಗಿ ಬಂದೆ. ಗಾದ್ರಮ್ಮ ಬಾಗಿಲ ಹಿಂದೆ ಕರೆದು ತೋರಿಸಿದಳು. ನಂಬರ್ ಹನ್ನೊಂದು. ಈ ಕೈಯಲ್ಲೇ ಮುಟ್ಟಿ ನೋಡಿದೆ.

ಒದ್ದೆಯಾಗಿತ್ತು.